ಮುತ್ತಜ್ಜಿಯ ತವರು "ಕಡೂರು ಕಡೆ ಹೊಸಹಳ್ಳಿ" ಅಂತಾರೆ. ಯಾವ ಹೊಸಹಳ್ಳಿ ಅಂತ ಪತ್ತೆ ಮಾಡೋದು ಹೇಗೆ?

ಕಲ್ಲುಹಾದಿ:

ಹುಡುಕ್ತಿರೋದು ತಾಯಿಯ ತಾಯಿಯ ತಾಯಿಯನ್ನ. ಗಂಡನ ಊರು ಅರಸೀಕೆರೆ ತಾಲ್ಲೂಕು, ಬೇಸಾಯದ ಮನೆತನ. ತವರು "ಕಡೂರು ಕಡೆ ಹೊಸಹಳ್ಳಿ" ಅನ್ನೋದು ಬಿಟ್ಟರೆ ಬೇರೆ ಸುಳಿವಿಲ್ಲ. ಆ ಕಡೆ ಹೋಗಿಬರೋದು ನಿಂತು ಎರಡು ತಲೆಮಾರಾಗಿದೆ.

ಮುತ್ತಜ್ಜಿಯನ್ನ ಕಣ್ಣಾರೆ ಕಂಡವರು ಈಗ ಅವರ ಸೊಸೆ ಒಬ್ಬರೇ. ವಯಸ್ಸು 85 ದಾಟಿದೆ, ನೆನಪು ಚೆನ್ನಾಗಿದೆ. ಅವರು ಹೇಳೋದು ಇಷ್ಟು: ಅತ್ತೆ ತೀರಿಕೊಂಡಿದ್ದು ಅಷ್ಟಗ್ರಹ ಕೂಟ ಕಳೆದ ಮೇಲೆ, ಶಿವರಾತ್ರಿಗೆ ಮುಂಚೆ. ಮಾವ ಸತ್ತಿದ್ದು ನಾಲ್ವಡಿಯವರು ತೀರಿಕೊಂಡ ಮಾರನೇ ವರ್ಷ. ಮಕ್ಕಳಲ್ಲಿ ಮೊದಲನೆಯವರು ಅಜ್ಜಿ, ಸುಮಾರು 1930ರಲ್ಲಿ ಹುಟ್ಟಿದವರು. ಆಮೇಲೆ ಒಬ್ಬ ಮಗ.

ಟ್ರಂಕಿನಲ್ಲಿ ಇರೋದು: 1943ರ ಪಾರಿಖತ್ತಿನ (ಆಸ್ತಿ ಭಾಗ ಮಾಡಿಕೊಂಡ ಪತ್ರ) ಮೂಲಪ್ರತಿ, ಅಂಚು ಹರಿದಿದೆ, ಎರಡು ಕಂದಾಯದ ರಸೀದಿ, ಚುಕ್ಕಿ ಅಕ್ಷರ ಇರೋ ಒಂದು ಹಿತ್ತಾಳೆ ಚೊಂಬು, ಗಾಜಿಗೆ ಅಂಟಿಕೊಂಡಿರೋ ಒಂದು ಫೋಟೋ. ಮನೇಲಿ ಎಲ್ಲರೂ ತಿಮ್ಮಮ್ಮ ಅಂತಾರೆ, ಪಾರಿಖತ್ತಿನಲ್ಲಿ "ಪುಟ್ಟತಾಯಮ್ಮ ಉ|| ತಿಮ್ಮಕ್ಕ" ಅಂತಿದೆ. ಎಲ್ಲಿಂದ ಶುರು ಮಾಡೋದು?

ಹಳೇಕಡತ:

ಪಾರಿಖತ್ತಿನ ಮೂಲಪ್ರತಿ ಕೈಯಲ್ಲಿದ್ದರೆ ಅರ್ಧ ಕೆಲಸ ಆಗಿದೆ. ತಾಲ್ಲೂಕು ಆಫೀಸಿಗೆ ಹೋಗೋ ಮೊದಲು ಅದನ್ನ ಮೂರು ಸಲ ಓದಿ.

ಮೊದಲ ಸಲ ಹೆಸರುಗಳಿಗೆ. ಹಳೇ ಮೈಸೂರಿನ ಪತ್ರಗಳಲ್ಲಿ "ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ, "ಉ||" ಅಂದರೆ ಉರುಫ್, ಅಂದರೆ ಇನ್ನೊಂದು ಹೆಸರು. ಎರಡು ಹೆಸರು ಅಂತ ಗಾಬರಿ ಬೇಡ. ಹುಟ್ಟಿದ ಮನೆಯಲ್ಲಿ ಕರೆಯೋ ಹೆಸರೊಂದು, ಸೇರಿದ ಮನೆಯಲ್ಲಿ ಇನ್ನೊಂದು, ಊರಿನ ಲೆಕ್ಕ ಬರೆಯೋ ಶಾನುಭೋಗರು ಬರೆದುಕೊಂಡಿದ್ದು ಮತ್ತೊಂದು. ಅತ್ತೆಯ ಹೆಸರೂ ಸೊಸೆಯ ಹೆಸರೂ ಒಂದೇ ಆಗಿದ್ದರೆ ಸೊಸೆಯನ್ನ ಬೇರೆ ಹೆಸರಿನಿಂದ ಕರೆಯೋರು, ಯಾಕಂದರೆ ಅತ್ತೆ ಹೆಸರು ಹಿಡಿದು ಕೂಗೋ ಹಾಗಿಲ್ಲ. ಇನ್ನು ಮುಂದೆ ಯಾವ ಅರ್ಜಿ ಬರೆದರೂ ಎಲ್ಲಾ ಹೆಸರನ್ನೂ ಹಾಕಿ.

ಎರಡನೇ ಸಲ ಅವರ ಪಾತ್ರ ಏನು ಅಂತ ನೋಡಿ. ಗಂಡ 1941–42ರಲ್ಲಿ ಸತ್ತು, ಭಾಗ ಆಗಿದ್ದು 1943ರಲ್ಲಿ ಅಂದರೆ, ಮಗ ಆಗ ಮೈನರ್. ಹಾಗಾಗಿ "ಮೈನರ್ ಇಂಥವನ ಗಾರ್ಡಿಯನ್ ತಾಯಿ" ಅಂತ ಅವರೇ ಹೆಬ್ಬೆಟ್ಟು ಒತ್ತಿರಬೇಕು. ಜತೆಗೆ ಆಕೆಗೇ ಅಂತ ಪ್ರತ್ಯೇಕ ಪಾಲೋ ಜೀವನಾಂಶವೋ ಬರೆದಿದ್ದಾರಾ ನೋಡಿ. 1937ರ ವಿಧವೆಯರ ಆಸ್ತಿ ಕಾಯ್ದೆ ಬಂದ ಮೇಲಿನ ಪತ್ರ ಇದು.

ಮೂರನೇ ಸಲ ಹಿಂಭಾಗ. ಬಹಳ ಜನ ಇದನ್ನ ಓದೋದೇ ಇಲ್ಲ. ನೋಂದಣಿ ಆಗಿದ್ದರೆ ಹಿಂದೆ ಸಬ್‌ರಿಜಿಸ್ಟ್ರಾರ್ ಷರಾ (ಟಿಪ್ಪಣಿ) ಇರುತ್ತೆ: ಯಾರು ಹಾಜರುಪಡಿಸಿದರು, ಯಾರು ಬರೆದುಕೊಟ್ಟಿದ್ದಾಗಿ ಒಪ್ಪಿದರು, ಅವರನ್ನ ಗುರುತಿಸಿದವರು ಯಾರು. ಗುರುತಿಸಿದವರ ಹೆಸರು, ತಂದೆ ಹೆಸರು, ಊರು ಮೂರೂ ಇರುತ್ತೆ. ಹೆಬ್ಬೆಟ್ಟು ಒತ್ತೋ ವಿಧವೆಗೆ ಗುರುತು ಹೇಳೋಕೆ ತವರಿಂದ ಅಣ್ಣನೋ ತಮ್ಮನೋ ಬಂದಿರೋ ಸಾಧ್ಯತೆ ಚೆನ್ನಾಗಿದೆ. ಭಾಗದ ಹೊತ್ತಿಗೆ ಹೆಣ್ಣುಮಗಳ ಪರ ನಿಲ್ಲೋರು ಅವರೇ. ಆದರೆ ಊರಿನ ಪಟೇಲರೋ ಪತ್ರ ಬರೆದವರೋ ಗುರುತು ಹೇಳಿರೋದೂ ಉಂಟು, ಹಾಗಾಗಿ ಸಾಕ್ಷಿಗಳ ಸಾಲನ್ನೂ ಸೇರಿಸಿ ನೋಡಿ. ಗಂಡನ ಊರಲ್ಲದ ಊರಿನವರು ಯಾರೇ ಇದ್ದರೂ ಗುರುತು ಹಾಕಿಕೊಳ್ಳಿ.

ಹರಿದ ಭಾಗದಲ್ಲಿ ಅಕ್ಷರ ಹೋಗಿದ್ದರೆ ಪರವಾಗಿಲ್ಲ. ಷರಾದಲ್ಲಿ ದಸ್ತಾವೇಜು ನಂಬರು, ವರ್ಷ, ಪುಸ್ತಕ 1, ಸಂಪುಟ, ಪುಟ ಅಂತ ಇರುತ್ತೆ. ಅದೇ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಿ. ಪುಸ್ತಕ 1 ಸ್ಥಿರಾಸ್ತಿಯದ್ದು, ಯಾರು ಬೇಕಾದರೂ ಶುಲ್ಕ ಕಟ್ಟಿ ನಕಲು ತಗೋಬಹುದು. ನಂಬರೂ ಹೋಗಿದ್ದರೆ ಸೂಚಿ 1 (ಹೆಸರಿನದ್ದು), ಸೂಚಿ 2 (ಆಸ್ತಿಯದ್ದು) ಎರಡರಲ್ಲೂ ವರ್ಷವಾರು ಹುಡುಕಿಸಬೇಕು. ಆನ್‌ಲೈನ್ ಋಣಭಾರ ಪತ್ರ (ಇ.ಸಿ.) ಇಷ್ಟು ಹಿಂದಕ್ಕೆ ಹೋಗೋದಿಲ್ಲ, ಅದಕ್ಕೆ ದುಡ್ಡು ಕಟ್ಟಬೇಡಿ.

ಒಂದು ಎಚ್ಚರಿಕೆ. ನಾಡಕಚೇರಿಯಿಂದ ವಂಶವೃಕ್ಷ ತಗೊಳ್ಳಿ ಅಂತ ಯಾರಾದರೂ ಸಲಹೆ ಕೊಡ್ತಾರೆ. ಅದು ಈಗ ಬದುಕಿರೋರು ಅಫಿಡವಿಟ್ ಕೊಟ್ಟು ಮಾಡಿಸೋ ಕಾಗದ. ನೀವು ಹೇಳಿದ್ದನ್ನೇ ನಿಮಗೆ ಸೀಲು ಹಾಕಿ ವಾಪಸ್ ಕೊಡ್ತಾರೆ, ಹೊಸದೇನೂ ಸಿಗಲ್ಲ.

ಪಂಚಾಂಗದ ಪುಟ:

ತಿದ್ದುಪಡಿ ಮೊದಲು: 1937ರ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಅರಸೀಕೆರೆ ಮೈಸೂರು ಸಂಸ್ಥಾನ, ಅಲ್ಲಿಗೆ ಅನ್ವಯಿಸಿದ್ದು ಮೈಸೂರಿನದೇ ಆದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ. ಭಾಗದ ಹೊತ್ತಿಗೆ ವಿಧವೆಯರಿಗೂ ಪಾಲಿದೆ ಅಂದಿದ್ದು ಅದು. ಪಾರಿಖತ್ತಿನಲ್ಲಿ ಅವರ ಪಾಲು ಹುಡುಕಿ ಅನ್ನೋ ಸಲಹೆ ಮಾತ್ರ ಸರಿಯೇ.

ಈಗ ತಾರೀಖು. ಸೊಸೆ ಹೇಳಿದ್ದರಲ್ಲಿ ಎರಡು ಬಗೆ ಇದೆ, ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಅತ್ತೆಯ ಸಾವು ಅವರೇ ಕಂಡಿದ್ದು. ಮಾವನ ಸಾವು ಅವರು ಆ ಮನೆಗೆ ಬರೋಕೆ ಮುಂಚಿನದು, ಕೇಳಿ ತಿಳಿದದ್ದು.

ಅಷ್ಟಗ್ರಹ ಕೂಟ ನಡೆದಿದ್ದು 1962ರ ಫೆಬ್ರವರಿ 3ರಿಂದ 5ರವರೆಗೆ. ಪ್ರಳಯ ಆಗುತ್ತೆ ಅಂತ ಹೋಮ ಹವನ ಮಾಡಿಸಿದ್ದನ್ನ ಆ ಕಾಲದವರು ಯಾರೂ ಮರೆಯಲ್ಲ. ಆ ವರ್ಷದ ಶಿವರಾತ್ರಿ ಮಾರ್ಚ್ ಮೊದಲ ವಾರದಲ್ಲಿ. ಅಂದರೆ ನಿಮ್ಮ ಕೈಯಲ್ಲಿ ಒಂದು ತಿಂಗಳ ಅವಧಿ ಇದೆ. ಮರಣ ವಹಿಯಲ್ಲಿ (ರಿಜಿಸ್ಟರಿನಲ್ಲಿ) ಹತ್ತು ವರ್ಷ ತಿರುವಿ ಹಾಕೋ ಬದಲು ನಾಲ್ಕೈದು ಹಾಳೆ ನೋಡಿದರೆ ಸಾಕು.

ಇಲ್ಲೇ ಸಾಮಾನ್ಯವಾಗಿ ಎಡವೋದು: ಆಗ ನಡೀತಿದ್ದದ್ದು ಪ್ಲವ ಸಂವತ್ಸರ. ಪಟ್ಟಿಯಲ್ಲಿ "ಪ್ಲವ – 1961" ಅಂತಿರುತ್ತೆ, ನೋಡಿದವರು 1961 ಅಂತ ಬರೆದುಬಿಡ್ತಾರೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಮಾಘ, ಫಾಲ್ಗುಣ ಮತ್ತು ಪುಷ್ಯದ ಹೆಚ್ಚಿನ ದಿನಗಳು ಮುಂದಿನ ಇಸವಿಗೆ ಬೀಳ್ತಾವೆ. ಪಾರಿಖತ್ತಿಗೂ ಇದೇ ಲೆಕ್ಕ: "ಚಿತ್ರಭಾನು ಸಂ|| ಫಾಲ್ಗುಣ" ಅಂತಿದ್ದರೆ ಅದು 1943ರ ಮಾರ್ಚ್, 1942 ಅಲ್ಲ. 60 ವರ್ಷದ ಚಕ್ರ ಅನ್ನೋದನ್ನೂ ಮರೀಬೇಡಿ. ಪ್ಲವ 1901ರಲ್ಲೂ ಇತ್ತು, 2021ರಲ್ಲೂ ಇತ್ತು. ತಿಥಿಯ ಜತೆ ವಾರವೂ ಬರೆದಿದ್ದರೆ ಅದೇ ತಾಳೆ ನೋಡೋ ಸಾಧನ, ತಪ್ಪು ವರ್ಷ ಹಾಕಿದರೆ ವಾರ ಕೂಡಿಬರಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದು 1940ರ ಆಗಸ್ಟ್ 3. "ಮಾರನೇ ವರ್ಷ" ಅಂದರೆ ಹಳಬರ ಬಾಯಲ್ಲಿ ಮುಂದಿನ ಯುಗಾದಿಯಿಂದ ಶುರುವಾದ ವರ್ಷ, 1941ರ ಮಾರ್ಚ್‌ನಿಂದ 1942ರ ಮಾರ್ಚ್‌ವರೆಗೆ. ಕೇಳಿದ ಮಾತಾದ್ದರಿಂದ ಹಿಂದಕ್ಕೊಂದು, ಮುಂದಕ್ಕೊಂದು ವರ್ಷ ಸೇರಿಸಿ ಹುಡುಕಿಸಿ.

ಸೊಸೆಯನ್ನ ಇನ್ನೊಮ್ಮೆ ಕೂರಿಸಿಕೊಳ್ಳೋದಾದರೆ ಇಸವಿ ಕೇಳಬೇಡಿ, ಊರಿನ ಹೆಸರೂ ಕೇಳಬೇಡಿ. ದಾರಿ ಕೇಳಿ. ಗೌರಿ ಹಬ್ಬಕ್ಕೆ ಅತ್ತೆಗೆ ಬಾಗಿನ ಬರ್ತಿತ್ತಾ, ತರ್ತಿದ್ದವರು ಯಾರು? ಗಾಡೀಲಿ ಬರ್ತಿದ್ದರಾ, ರೈಲಿಳಿದು ನಡ್ಕೊಂಡು ಬರ್ತಿದ್ದರಾ, ಇಳೀತಿದ್ದದ್ದು ಬೀರೂರಲ್ಲಾ, ಕಡೂರಲ್ಲಾ, ಬಾಣಾವರದಲ್ಲಾ? ತವರಿನ ಮನೆದೇವರು ಯಾವುದು, ಜಾತ್ರೆ ಯಾವಾಗ? ಆ ಊರಿನವರು ಸಂತೆಗೆ ಎಲ್ಲಿಗೆ ಹೋಗೋರು? ಸಂತೆ ಊರು ಸಿಕ್ಕರೆ ಅದರ ಸುತ್ತ ನಾಲ್ಕೈದು ಮೈಲಿಯೊಳಗಿನ ಹೊಸಹಳ್ಳಿಗಳಷ್ಟೇ ಉಳೀತಾವೆ. ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಮಾತು ರೆಕಾರ್ಡ್ ಮಾಡಿ, ಎರಡು ದಿನ ಬಿಟ್ಟು ಅದೇ ಪ್ರಶ್ನೆಯನ್ನ ಬೇರೆ ಥರ ಕೇಳಿ.

"ಪ್ಲೇಗಿನ ವರ್ಷ" ಅಂತ ಅವರೇನಾದರೂ ಅಂದರೆ ಅದನ್ನ ಒಂದು ಇಸವಿಗೆ ಕಟ್ಟಿಹಾಕಬೇಡಿ. ಬೆಂಗಳೂರಿಗೆ ಪ್ಲೇಗು ಬಂದಿದ್ದು 1898ರಲ್ಲಿ, ಆದರೆ ಆಮೇಲೂ ದಶಕಗಳ ಕಾಲ ಊರೂರಲ್ಲಿ ಮತ್ತೆ ಮತ್ತೆ ಬಂದಿದೆ. ಇನ್‌ಫ್ಲುಯೆಂಜಾ ಹಾಗಲ್ಲ, ಅದು 1918ರ ಕೊನೇ ತಿಂಗಳುಗಳೇ.

ಧಾರವಾಡ ಉತಾರ:

ಒಂದ ಮಾತ ಯಾರೂ ಹೇಳಲಿಲ್ಲ ನೋಡ್ರಿ. ಹೆಳವರನ್ನ ಕೇಳ್ರಿ.

ನಮ್ಮ ಕಡೆ ಒಕ್ಕಲುತನದ ಮನಿಗೋಳ ವಂಶಾವಳಿ ಕಾಗದಕಿಂತ ಛಲೋ ಇರೋದು ಹೆಳವರ ಹಂತ್ಯಾಕ. ಎತ್ತಿನ ಮ್ಯಾಲೆ ಕುಂತು ಗಂಟಿ ಬಾರಿಸಿಕೋತ ಬರತಾರ, ಮನಿ ಮುಂದ ನಿಂತು ತಲಿತಲಾಂತರದ ಹೆಸರು ಹೇಳತಾರ, ಕಾಳು-ಕಡಿ, ಅರಿವಿ, ರೊಕ್ಕ ಇಸಗೊಂಡು ಹೋಗತಾರ. ಹಳೇ ಮೈಸೂರು ಸೀಮಿ ಒಳಗೂ ಅದಾರ. ಒಂದೊಂದು ಹೆಳವರ ಮನಿತನಕ್ಕ ಇಂತಿಂಥಾ ಊರು ಅಂತ ಹಂಚಿಕಿ ಇರತೈತಿ. ಅದಕ್ಕ ಯಾರೋ ಒಬ್ಬ ಹೆಳವನ್ನ ಹಿಡದು ಕೇಳಿದ್ರ ಆಗೂದಿಲ್ಲ. ಆ ಊರಿಗೆ ಬರೂ ಹೆಳವರು ಯಾರು, ಸುಗ್ಗಿ ಮುಗದ ಮ್ಯಾಲೆ ಯಾವ ತಿಂಗಳದಾಗ ಬರತಾರ ಅಂತ ಊರಾಗಿನ ಹಿರ್ಯಾರನ್ನ ಕೇಳಬೇಕು.

ಒಂದ ತೊಡಕೈತ್ರಿ. ಅವರು ಓದೂದು ಗಂಡಸಂತಾನ. "ನಮ್ಮ ಮುತ್ತವ್ವನ ಹೆಸರು ಹೇಳು" ಅಂದ್ರ ಸಿಗೂದಿಲ್ಲ. ಮುತ್ತವ್ವನ ಅಣ್ಣತಮ್ಮಂದ್ರ ಹೆಸರು ಗೊತ್ತಿದ್ರ ಆ ಮನಿತನದ ವಂಶಾವಳಿ ಓದಸ್ರಿ. ಓದಿ ಮುಗದಮ್ಯಾಲೆ "ಈ ಮನಿ ಹೆಣಮಕ್ಕಳನ್ನ ಯಾವ್ಯಾವ ಊರಿಗೆ ಕೊಟ್ಟಾರ" ಅಂತ ಕೇಳ್ರಿ. ಬೆಡಗು (ಕುಲದೊಳಗಿನ ಬಳಿ) ಗೊತ್ತಿದ್ರ ಮೊದಲ ಅದನ್ನ ಹೇಳ್ರಿ, ಒಂದ ಊರಾಗ ಒಂದ ಹೆಸರಿನ ಮನಿ ಹತ್ತಿರತಾವ.

ಇದನ್ನ ಓದೂ ಧಾರವಾಡ, ಬೆಳಗಾವಿ, ವಿಜಯಪುರದವರಿಗೆ: ನಮ್ಮಲ್ಲಿ ಶಾನುಭೋಗರಲ್ಲ, ಕುಲಕರ್ಣ್ಯಾರು. ಪಹಣಿ ಅನ್ನೂದಿಲ್ಲ, ಉತಾರ. ಗಂಡ ಸತ್ತಮ್ಯಾಲೆ ಹೆಸರು ಏರಸೂದು ವಾರಸಾ. ಮುಂಬಯಿ ಇಲಾಖೆ ಕಾಲದ ಹಳೇ ಕಾಗದ ಮೋಡಿ ಒಳಗ ಇದ್ರ ಮರಾಠಿ ಬಂದವರೆಲ್ಲಾರೂ ಓದತಾರ ಅಂತ ತಿಳೀಬ್ಯಾಡ್ರಿ. ಮೋಡಿ ಲಿಪಿನ ಬ್ಯಾರೆ, ಅದನ್ನ ಕಲತವರ ಹಂತೇಕನ ಓದಸಬೇಕು.

ಕಲ್ಲುಹಾದಿ:

ಪಾರಿಖತ್ತಿನ ಹಿಂಭಾಗ ನೋಡಿದೆ. ಗುರುತಿಸಿದವರು ಇಬ್ಬರು. ಒಬ್ಬರು ಗಂಡನ ಊರಿನವರೇ. ಇನ್ನೊಬ್ಬರ ಹೆಸರು, ತಂದೆ ಹೆಸರು ಸ್ಪಷ್ಟವಾಗಿದೆ, ಆಮೇಲೆ "ಹೊಸಹಳ್ಳಿ, ಯ" ಅಂತ ಬಂದು ಕಾಗದ ಹರಿದಿದೆ. ಕೊನೇಲಿ "ಕಡೂರು ಡಿಸ್ಟ್ರಿಕ್ಟ್" ಅಂತಿದೆ. ಕಡೂರು ಜಿಲ್ಲೆ ಆಗಿತ್ತಾ? ಚೊಂಬಿನ ಅಕ್ಷರ ಇನ್ನೂ ಓದೋಕಾಗಿಲ್ಲ, ಹುಣಸೆಹಣ್ಣು ಹಾಕಿ ಉಜ್ಜಲಾ?

ಹಳೇಕಡತ:

1933ರ ವಿಷಯ ತಿದ್ದಿದ್ದಕ್ಕೆ ಪಂಚಾಂಗದವರಿಗೆ ವಂದನೆ.

ಹೌದು, ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಹಾಗಾಗಿ "ಕಡೂರು ಡಿಸ್ಟ್ರಿಕ್ಟ್" ಅಂದಮಾತ್ರಕ್ಕೆ ಕಡೂರು ತಾಲ್ಲೂಕು ಅಂದುಕೊಳ್ಳೋ ಹಾಗಿಲ್ಲ, ತರೀಕೆರೆಯೂ ಅದರೊಳಗೇ ಇತ್ತು. ನಿಮ್ಮ ಪುಣ್ಯಕ್ಕೆ "ಯ" ಉಳಿದುಕೊಂಡಿದೆ. ಕಡೂರು ತಾಲ್ಲೂಕಿನಲ್ಲಿ ಯಗಟಿ ಹೋಬಳಿ ಇದೆ, ಮೊದಲು ಅಲ್ಲೇ ನೋಡಿ.

ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡೋ ಪುಟಕ್ಕೆ ಹೋಗಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಗ್ರಾಮಗಳ ಪಟ್ಟಿ ಪೂರ್ತಿ ಇಳಿಯುತ್ತೆ. ಪಹಣಿ ತೆಗೀಬೇಕಿಲ್ಲ, ಆ ಪಟ್ಟಿಯೇ ಬೇಕಾಗಿರೋದು. ಬರೀ "ಹೊಸಹಳ್ಳಿ" ಅಂತ ಹುಡುಕಬೇಡಿ. ಮುಂದೆ ಇನಿಷಿಯಲ್ಲೋ ಪಕ್ಕದ ಊರಿನ ಹೆಸರೋ ಸೇರಿಕೊಂಡಿರಬಹುದು. ಅಕ್ಕಪಕ್ಕದ ಹೋಬಳಿಗಳ ಪಟ್ಟಿಯನ್ನೂ ಇಳಿಸಿಕೊಳ್ಳಿ. ಪಟ್ಟಿಯಲ್ಲಿದ್ದು ಜಾಗದಲ್ಲಿ ಊರೇ ಇಲ್ಲದಿದ್ದರೆ ಅದು ಬೇಚರಾಕ್ ಗ್ರಾಮ, ಸರ್ವೆ ನಂಬರು ಮಾತ್ರ ಉಳಿದು ಜನ ಬೇರೆ ಕಡೆ ಹೋಗಿರ್ತಾರೆ. ಹಾಗಾದರೆ ಪಕ್ಕದ ಊರಲ್ಲಿ ಕೇಳಬೇಕು.

ಊರು ಎರಡು ಮೂರಕ್ಕೆ ಇಳಿದ ಮೇಲೆ ಜನನ ವಹಿ. ಮೊದಲ ಬಾಣಂತನ ತವರಿನಲ್ಲಿ. ಜನನ ಬರೆಯೋದು ಮಗು ಹುಟ್ಟಿದ ಊರಿನ ವಹಿಯಲ್ಲಿ. ಅಂದರೆ ನಿಮ್ಮ ಅಜ್ಜಿಯ ಜನನ ಅರಸೀಕೆರೆಯಲ್ಲಿ ಸಿಗದೆ ಹೋದರೆ ಬೇಜಾರು ಬೇಡ, ಅದು ತವರು ಊರಿನ ವಹಿಯಲ್ಲಿ ಇರಬೇಕು. ಅಲ್ಲಿ ಸಿಕ್ಕಿತು ಅಂದರೆ ಊರು ಅದೇ ಅನ್ನೋದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ. ಅಜ್ಜಿಯ ಹೆಸರು ಹುಡುಕಬೇಡಿ, ನಾಮಕರಣಕ್ಕೆ ಮುಂಚೆ ಬರೆದಿದ್ದಾದರೆ "ಹೆಣ್ಣು ಮಗು" ಅಂತಷ್ಟೇ ಇರುತ್ತೆ. ಹುಡುಕಬೇಕಾದ್ದು ಅಜ್ಜಿಯ ತಂದೆಯ ಹೆಸರನ್ನ.

ಚೊಂಬನ್ನ ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿಯೇ ಆ ಚುಕ್ಕಿಗಳು ಸವೆದಿರೋದು. ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಅಕ್ಕಿಹಿಟ್ಟನ್ನ ಬೆರಳಲ್ಲಿ ತಗೊಂಡು ಅಕ್ಷರದ ಮೇಲೆ ಸವರಿ, ಮೇಲಿನ ಹಿಟ್ಟನ್ನ ಅಂಗೈಯಿಂದ ಅಡ್ಡಕ್ಕೆ ಒರೆಸಿಬಿಡಿ. ಗುಳಿಯೊಳಗಿನದು ಬಿಳಿಯಾಗಿ ಉಳಿಯುತ್ತೆ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನ ಚೊಂಬಿನ ಮೈಗೆ ತಾಗೋ ಹಾಗೆ ಪಕ್ಕದಿಂದ ಹಿಡಿದು, ಚೊಂಬನ್ನ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಏಳೆಂಟು ಫೋಟೋ ತೆಗೆಯಿರಿ. ಮುಯ್ಯಿಗೆ ಬಂದ ಪಾತ್ರೆಯಲ್ಲಿ ಸಾಮಾನ್ಯವಾಗಿ ಕೊಟ್ಟವರ ಹೆಸರು ಕೊರೆಸಿರ್ತಾರೆ, ಇಸಗೊಂಡವರದ್ದಲ್ಲ. ಆ ಅಕ್ಷರ ಪಾರಿಖತ್ತಿನ ಹಿಂದಿರೋ ಹೊಸಹಳ್ಳಿಯವರ ಹೆಸರಿಗೆ ಕೂಡಿಬಂದರೆ ಸೋದರಮಾವನ ಕಡೆಯ ಮನೆಯೇ ಸಿಕ್ಕ ಹಾಗೆ. ಪಾತ್ರೆ ಅಂಗಡಿಯಲ್ಲಿ ಕೊರೆಯೋ ಹಳಬರು ಇದ್ದರೆ ತೋರಿಸಿ, ಸವೆದ ಅಕ್ಷರವನ್ನ ಅವರು ನಮಗಿಂತ ಚೆನ್ನಾಗಿ ಓದ್ತಾರೆ.

ಗಾಜಿಗೆ ಅಂಟಿದ ಫೋಟೋವನ್ನ ಬಿಡಿಸೋಕೆ ಹೋಗಬೇಡಿ, ಮುಖವೇ ಗಾಜಿಗೆ ಹತ್ತಿಕೊಂಡು ಬರುತ್ತೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಹಿಂದಿನ ರಟ್ಟಿನಲ್ಲಿ ಸ್ಟುಡಿಯೋ ಮುದ್ರೆ ಇದ್ದರೆ ಅದನ್ನೂ.

ನೇತ್ರಾವತಿ ದಡ:

ಇದು ನಿಮಗಲ್ಲ, ಇದೇ ಹುಡುಕಾಟದಲ್ಲಿ ಇಲ್ಲಿಗೆ ಬರುವ ನಮ್ಮ ಕಡೆಯವರಿಗೆ. ದಕ್ಷಿಣ ಕನ್ನಡ, ಉಡುಪಿಯ ಅಳಿಯಸಂತಾನದ (ವಂಶ, ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುವ) ಕುಟುಂಬಗಳಲ್ಲಿ ಕಷ್ಟ ಉಲ್ಟಾ: ಮುತ್ತಜ್ಜಿ ಸುಲಭವಾಗಿ ಸಿಗುತ್ತಾರೆ, ಮುತ್ತಜ್ಜ ಸಿಗುವುದಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರ ತುಂಬಾ ಮನೆಗಳು ಪಾಲಾದವು. ಆ ವಿಭಾಗ ಪತ್ರಗಳಲ್ಲಿ ಕವರು (ಒಬ್ಬ ಹೆಂಗಸಿನ ಸಂತತಿಯ ಕವಲು) ಪ್ರಕಾರ ಹೆಂಗಸರು, ಮಕ್ಕಳ ಹೆಸರು, ಎಷ್ಟೋ ಕಡೆ ಅಂದಾಜು ಪ್ರಾಯ ಕೂಡ ಇರುತ್ತದೆ. ಆ ಪ್ರಾಯವನ್ನು ಅಕ್ಷರಶಃ ನಂಬಬೇಡಿ, 40, 45, 50 ಎಂದು ಐದರ ಲೆಕ್ಕದಲ್ಲಿ ಬರೆಸಿದ್ದೇ ಜಾಸ್ತಿ. ಗೇಣಿ ಒಕ್ಕಲಾಗಿದ್ದವರಾದರೆ ಭೂನ್ಯಾಯ ಮಂಡಳಿಯ ಕಡತದಲ್ಲಿ ನಮೂನೆ 7 (ಗೇಣಿದಾರರು ಭೂಮಿಯ ಹಕ್ಕು ಕೇಳಿ ಕೊಟ್ಟ ಅರ್ಜಿ) ನೋಡಿ, ಹೇಳಿಕೆಗಳಲ್ಲಿ ಯಾರ ಕಾಲದಿಂದ ಗೇಣಿ ಎಂದು ಹೇಳಿರುತ್ತಾರೆ. ಇಸವಿ ಹಿಡಿಯಲು "ದೊಡ್ಡ ಬೊಳ್ಳ" (ದೊಡ್ಡ ನೆರೆ) ಎಂದರೆ 1923ರದ್ದೋ 1974ರದ್ದೋ ಎಂದು ಕೇಳಿಯೇ ಬರೆದುಕೊಳ್ಳಿ. ಕ್ರೈಸ್ತರಾದರೆ ಇಗರ್ಜಿಯ ಬ್ಯಾಪ್ಟಿಸಂ ಪುಸ್ತಕ ಬೇರೆಲ್ಲದಕ್ಕಿಂತ ಮೇಲು.

ಪಂಚಾಂಗದ ಪುಟ:

ಶ್ರಾದ್ಧ ಮಾಡೋ ಮನೆಗಳವರಿಗೂ ಒಂದು ಸಾಲು. ಪುರೋಹಿತರ ಪುಸ್ತಕದಲ್ಲಿ ಗೋತ್ರದ ಜತೆ ಮೂರು ತಲೆಮಾರಿನ ಹೆಸರು ಇರುತ್ತೆ. ಹೆಂಗಸರಲ್ಲಿ, ತಂದೆ ಕಡೆಯಿಂದ ಮಾತೃ (ತಾಯಿ), ಪಿತಾಮಹಿ (ತಂದೆಯ ತಾಯಿ), ಪ್ರಪಿತಾಮಹಿ (ತಂದೆಯ ತಂದೆಯ ತಾಯಿ). ತಾಯಿ ಕಡೆಯಿಂದ ಮಾತಾಮಹಿ (ತಾಯಿಯ ತಾಯಿ), ಮಾತುಃ ಪಿತಾಮಹಿ (ತಾಯಿಯ ತಂದೆಯ ತಾಯಿ), ಮಾತುಃ ಪ್ರಪಿತಾಮಹಿ (ತಾಯಿಯ ತಂದೆಯ ತಂದೆಯ ತಾಯಿ). ಗಮನಿಸಿ, ಈ ಆರರಲ್ಲಿ ತಾಯಿಯ ತಾಯಿಯ ತಾಯಿ ಇಲ್ಲ. ಕಲ್ಲುಹಾದಿಯವರು ಹುಡುಕ್ತಿರೋ ಸಾಲು ಮಂತ್ರದಲ್ಲೂ ಇಲ್ಲ, ಖಾತೆಯಲ್ಲೂ ಇಲ್ಲ. ಅಜ್ಜಿಯ ಸೋದರಮಾವನ ಮನೆಯ ಪುರೋಹಿತರಿದ್ದರೆ ಅವರಲ್ಲಿ ಸಿಕ್ಕೀತು, ಅಲ್ಲಿ ಆಕೆ ಯಾರದೋ ಸೋದರತ್ತೆ.

ಹಳೇಕಡತ:

ಕೊನೇದಾಗಿ ಅರ್ಜಿ. ಜನನ ಮರಣ ನೋಂದಣಿಯ ಈಗಿನ ಕಾಯ್ದೆ 1969ರದ್ದು, ನಿಮಗೆ ಬೇಕಾದ್ದು ಪಟೇಲ–ಶಾನುಭೋಗರ ಕಾಲದ ವಹಿಗಳು. ಆನ್‌ಲೈನ್ ಸರ್ಟಿಫಿಕೇಟಿನ ಜಾಲತಾಣದಲ್ಲಿ ಇಲ್ಲ ಅಂತ ಬಂದರೆ ದಾಖಲೆಯೇ ಇಲ್ಲ ಅಂತಲ್ಲ. ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಕೊಡಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಭೂದಾಖಲೆ ಸ್ಕ್ಯಾನ್ ಆಗ್ತಿದೆ, ಗಂಡ ಸತ್ತ ಮೇಲಿನ ಪೌತಿ ಖಾತೆಯ (ಸತ್ತವರ ಖಾತೆಯನ್ನ ವಾರಸುದಾರರ ಹೆಸರಿಗೆ ಮಾಡೋದು) ಕಡತ ಅದರಲ್ಲಿ ಬಂದಿದೆಯಾ ಅಂತ ಅದೇ ಕೌಂಟರಿನಲ್ಲಿ ಕೇಳಿ. ಪೌತಿ ಖಾತೆಯ ತಾರೀಖನ್ನ ಮಾತ್ರ ಸಾವಿನ ತಾರೀಖು ಅಂದುಕೊಳ್ಳಬೇಡಿ, ಸತ್ತ ಇಪ್ಪತ್ತು ವರ್ಷಕ್ಕೆ ಮಾಡಿಸಿದ್ದೂ ಇರುತ್ತೆ.

ಎರಡು ತಾಲ್ಲೂಕಿಗೆ ಎರಡು ಬೇರೆ ಅರ್ಜಿ, ಒಂದೊಂದರಲ್ಲೂ ಒಂದೇ ವಿಷಯ. ಅರಸೀಕೆರೆಗೆ ಹೀಗೆ ಬರೆದರೆ ಸಾಕು:

"ಇಂಥ ಹೋಬಳಿ ಇಂಥ ಗ್ರಾಮದ ಮರಣ ವಹಿಯಲ್ಲಿ 1-2-1962ರಿಂದ 31-3-1962ರವರೆಗೆ, ಪುಟ್ಟತಾಯಮ್ಮ ಉ|| ತಿಮ್ಮಕ್ಕ ಉ|| ತಿಮ್ಮಮ್ಮ ಕೋಂ (ಗಂಡನ ಹೆಸರು) ಎಂಬುವರ, ಅಥವಾ 'ಇಂಥವರ ತಾಯಿ' ಎಂದು ನಮೂದಾಗಿರುವ ಮರಣದ ದೃಢೀಕೃತ ನಕಲು ಕೊಡಬೇಕು. ಲಭ್ಯವಿಲ್ಲದಿದ್ದಲ್ಲಿ ಯಾವ ವರ್ಷದ ಯಾವ ವಹಿ ಪರಿಶೀಲಿಸಲಾಯಿತು ಎಂದು ನಮೂದಿಸಿ ಹಿಂಬರಹ ಕೊಡಬೇಕು."

ಆ ಕೊನೇ ವಾಕ್ಯ ಬಿಡಬೇಡಿ. ಬರೀ "ಲಭ್ಯವಿಲ್ಲ" ಅಂತ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದರೆ ವಹಿ ಕಳೆದಿದೆಯೋ, ವಹಿಯಲ್ಲಿ ಹೆಸರಿಲ್ಲವೋ, ಯಾರೂ ಹುಡುಕೇ ಇಲ್ಲವೋ ಗೊತ್ತಾಗಲ್ಲ. ಸ್ವೀಕೃತಿ ತಗೊಳ್ಳಿ. ಉತ್ತರವೇ ಬರದಿದ್ದರೆ ಅದೇ ಸ್ವೀಕೃತಿಯ ನಂಬರು ಹಾಕಿ ಮಾಹಿತಿ ಹಕ್ಕಿನಲ್ಲಿ ಕೇಳಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಡೂರಿನ ಅರ್ಜಿಗೆ ಅಜ್ಜಿಯ ತಂದೆಯ ಹೆಸರು, "ಹೆಣ್ಣು ಮಗು", 1928ರಿಂದ 1932. ಎರಡು ಹೊಸಹಳ್ಳಿ ಉಳಿದಿದ್ದರೆ ಎರಡನ್ನೂ ಸರ್ವೆ ಗ್ರಾಮದ ಪೂರ್ತಿ ಹೆಸರಿನಲ್ಲೇ ಬರೆಯಿರಿ, ಗುಮಾಸ್ತರು ಮೊದಲು ಕಣ್ಣಿಗೆ ಬಿದ್ದ ಹೊಸಹಳ್ಳಿ ತೆಗೆದು ನೋಡಿ ವಾಪಸ್ ಕಳಿಸದ ಹಾಗೆ.